ಕೋಡಂಬಾಕ್ಕಂನ ಓಣಿಗಳೂ ಬೆಂಕಿ ನಂದಿಸುವ ವಾಹನಗಳೂ

ಚೆನ್ನೈನ ಎಗ್ಮೋರ್‌ನಿಂದ ತಾಂಬರಂ ಕಡೆಗೆ ಹೋಗುವ ಉಪನಗರ ರೈಲುಮಾರ್ಗದಲ್ಲಿ ನುಂಗಂಬಾಕ್ಕಂ ದಾಟಿದ ಕೂಡಲೆ ಸಿಗುವ ಕೋಡಂಬಾಕ್ಕಂ, ಅದರ ಪಶ್ಚಿಮಕ್ಕೆ ಆರ್ಕಾಟ್ ರಸ್ತೆಯುದ್ದಕ್ಕೂ ಹಬ್ಬಿಕೊಂಡಿರುವ ವಡಪಳನಿ ಮತ್ತು ಸಾಲಿಗ್ರಾಮಂ ಬಡಾವಣೆಗಳನ್ನೂ ಒಳಗೊಂಡು, ದಕ್ಷಿಣ ಭಾರತದ ಚಿತ್ರೋದ್ಯಮಕ್ಕೆ ಸುಮಾರು ಮೂರು ದಶಕಗಳ ಕಾಲ ಒಂದೇ ಹೆಸರಾಗಿ ನಿಂತಿತ್ತು. ರಾಜಕುಮಾರ್ ನಾಯಕನಟರಾಗಿ ಕಾಣಿಸಿಕೊಂಡ 'ಬೇಡರ ಕಣ್ಣಪ್ಪ' (1954) ಎ.ವಿ.ಎಂ. ಸಂಸ್ಥೆಯ ಸಹಯೋಗದಲ್ಲಿ ತಯಾರಾದುದೂ, ಬೆಂಗಳೂರಿನಲ್ಲಿ ಸ್ಟುಡಿಯೋಗಳು ನೆಲೆಗೊಳ್ಳುವವರೆಗೆ ಬಹುಪಾಲು ಕನ್ನಡ ಚಿತ್ರಗಳು ಇಲ್ಲಿನ ಫ್ಲೋರುಗಳಲ್ಲೇ ರೂಪುಗೊಂಡುದೂ ಕನ್ನಡ ಓದುಗರಿಗೆ ತಿಳಿದ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದಿರುವುದು ಈ ಉದ್ಯಮಕ್ಕೂ ಬೆಂಕಿಗೂ ಇದ್ದ ನಂಟು. ಬೇಗ ಹೊತ್ತಿಕೊಳ್ಳುವ ಫಿಲ್ಮು, ಕಾದು ಕೆಂಪಾಗುವ ದೀಪಗಳು, ಪ್ಲೈವುಡ್ಡು, ಬಟ್ಟೆ, ಬಣ್ಣ, ಗೋಣಿ, ಜೊತೆಗೆ ಕಿಟಕಿಯೇ ಇಲ್ಲದ ದೊಡ್ಡ ಕೊಠಡಿ ಇವೆಲ್ಲ ಒಂದೇ ಆವರಣದಲ್ಲಿ ಸೇರುತ್ತಿದ್ದುದರಿಂದ, ಯಾವ ಬೆಂಕಿಗೆ ಯಾವ ವಾಹನ, ಯಾವ ಉಪಕರಣ ಬೇಕು ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಕೋಡಂಬಾಕ್ಕಂನಷ್ಟು ತಕ್ಕ ಜಾಗ ಬೇರೆ ಸಿಗುವುದು ಕಷ್ಟ.

ಮೊದಲು ಫಿಲ್ಮಿನ ವಿಷಯ. 1950ರ ದಶಕದ ಆರಂಭದವರೆಗೂ 35 ಮಿಲಿಮೀಟರ್ ಚಲನಚಿತ್ರಗಳಿಗೆ ಬಳಕೆಯಾಗುತ್ತಿದ್ದುದು ನೈಟ್ರೇಟ್ ಫಿಲ್ಮು. ಸಸ್ಯಮೂಲದ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ, ಕರ್ಪೂರ ಬೆರೆಸಿ ಮೆದುಗೊಳಿಸಿದ ಈ ಪದಾರ್ಥ, ಫಿರಂಗಿ ಮದ್ದಾಗಿ ಬಳಕೆಯಾದ ಗನ್‌ಕಾಟನ್ ಎಂಬ ಸ್ಫೋಟಕಕ್ಕೆ ಹತ್ತಿರದ ಸಂಬಂಧಿ. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನೊಳಗೇ ಇರುವುದರಿಂದ ಅದಕ್ಕೆ ಹೊರಗಿನ ಗಾಳಿಯ ಹಂಗಿಲ್ಲ. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ, ಮರಳು ಮುಚ್ಚಿದರೂ ಉರಿಯುತ್ತದೆ, ನೊರೆ ಹರಡಿ ಗಾಳಿ ತಡೆದರೂ ಪ್ರಯೋಜನವಿಲ್ಲ. ಹಳತಾಗಿ ಕೊಳೆಯತೊಡಗಿದ ನೈಟ್ರೇಟ್ ಸುರುಳಿಗಳು ಮುಚ್ಚಿದ ಡಬ್ಬಿಯೊಳಗೆ ದೀರ್ಘಕಾಲ ಬಿಸಿಯಲ್ಲಿದ್ದರೆ 41 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಉಷ್ಣತೆಯಲ್ಲೂ ತಾವಾಗಿಯೇ ಹೊತ್ತಿಕೊಳ್ಳಬಲ್ಲವು ಎಂಬುದನ್ನು, ಅಗ್ನಿನಕ್ಷತ್ರವೆಂದು ಕರೆಯುವ ಮೇ ತಿಂಗಳ ಕಡುಬಿಸಿಲಿನ ದಿನಗಳಲ್ಲಿ ಚೆನ್ನೈನ ಹವೆ 40 ಡಿಗ್ರಿ ದಾಟುವ ಸಂಗತಿಯ ಪಕ್ಕದಲ್ಲಿಟ್ಟು ನೋಡಿದರೆ, ಅಂದಿನ ಫಿಲ್ಮ್ ಗೋದಾಮುಗಳ ಅಪಾಯ ಎಷ್ಟೆಂಬುದು ಅರ್ಥವಾಗುತ್ತದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಸಂಗ್ರಹಕ್ಕೆ 2003ರ ಜನವರಿ 8ರಂದು ಬೆಂಕಿ ಬಿದ್ದಾಗ 607 ಚಿತ್ರಗಳ 5,097 ಸುರುಳಿಗಳು ನಾಶವಾದವು. ಇಂಥ ಬೆಂಕಿಯನ್ನು ನಂದಿಸುವ ವಾಹನ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ; ಹೊತ್ತಿಕೊಂಡದ್ದು ಉರಿದು ಮುಗಿಯುವವರೆಗೆ ಪಕ್ಕದ ಗೋಡೆಯನ್ನೂ ಪಕ್ಕದ ಡಬ್ಬಿಯನ್ನೂ ಧಾರಾಳ ನೀರಿನಿಂದ ತಣ್ಣಗಿಡುವುದು, ವಿಷಪೂರಿತ ನೈಟ್ರೋಜನ್ ಆಕ್ಸೈಡುಗಳ ಹೊಗೆಯಿಂದ ಜನರನ್ನು ದೂರ ಸಾಗಿಸುವುದು, ಇಷ್ಟೇ ಅಗ್ನಿಶಾಮಕ ದಳದ ಕೈಯಲ್ಲಿರುವ ಕೆಲಸ.

ಮದರಾಸಿನ ಚಿತ್ರೋದ್ಯಮದ ಅತಿ ದೊಡ್ಡ ಹೆಸರುಗಳಲ್ಲೊಂದು ಬೆಂಕಿಯ ಅವಶೇಷದ ಮೇಲೆಯೇ ಎದ್ದು ನಿಂತಿತು ಎಂಬುದನ್ನು ಇಲ್ಲಿ ನೆನೆಯಬೇಕು. ನಿರ್ದೇಶಕ ಕೆ. ಸುಬ್ರಹ್ಮಣ್ಯಂ ಅವರ ಮೋಷನ್ ಪಿಕ್ಚರ್ಸ್ ಪ್ರೊಡ್ಯೂಸರ್ಸ್ ಕಂಬೈನ್ ಸ್ಟುಡಿಯೋ ಬೆಂಕಿಗೆ ತುತ್ತಾಗಿ, 1940ರ ದಶಕದ ಆರಂಭದಲ್ಲಿ ಹರಾಜಿಗೆ ಬಂದಾಗ ಅದನ್ನು ಕೊಂಡ ಎಸ್.ಎಸ್. ವಾಸನ್, ಸುಟ್ಟ ಆವರಣವನ್ನು ಮತ್ತೆ ಕಟ್ಟಿ ಜೆಮಿನಿ ಎಂಬ ಹೆಸರಿಟ್ಟರು.

ಫಿಲ್ಮು ಬದಲಾಗಿ, ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮು ಬಂದ ಮೇಲೂ ಫ್ಲೋರಿನ ಅಪಾಯ ಹೋಗಲಿಲ್ಲ, ಏಕೆಂದರೆ ಆ ಅಪಾಯ ಕಟ್ಟಡದ ರಚನೆಯಲ್ಲೇ ಇತ್ತು. ಫ್ಲೋರ್ ಎಂದು ಚಿತ್ರರಂಗದವರು ಕರೆಯುವ ಒಳಾಂಗಣ ಚಿತ್ರೀಕರಣದ ಸಭಾಂಗಣಕ್ಕೆ ಹೊರಗಿನ ಬೆಳಕೂ ಸದ್ದೂ ಬರಬಾರದೆಂದು ಕಿಟಕಿಗಳಿರುವುದಿಲ್ಲ, ಗೋಡೆಗೆ ಸದ್ದು ಹೀರುವ ಹೊದಿಕೆ ಇರುತ್ತದೆ, ಮೇಲೆ ದೀಪಗಳನ್ನು ತೂಗುಹಾಕಲು ಮರದ ಅಟ್ಟಣಿಗೆಗಳಿರುತ್ತವೆ, ನೆಲದಲ್ಲಿ ವೈರುಗಳ ರಾಶಿ ಹರಡಿರುತ್ತದೆ, ನಡುವೆ ಒಣಗಿದ ಮರ ಮತ್ತು ಬಟ್ಟೆಯಿಂದ ಕಟ್ಟಿದ ಸೆಟ್ ನಿಂತಿರುತ್ತದೆ. ಇವು ಒಂದಾದಾಗ ಏನಾಗುತ್ತದೆಂಬುದನ್ನು ತೋರಿಸಿದ್ದು ಕೋಡಂಬಾಕ್ಕಂ ಅಲ್ಲ, ಮೈಸೂರು. 1989ರ ಫೆಬ್ರುವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಮದುವೆಯ ದೃಶ್ಯದ ಚಿತ್ರೀಕರಣ ನಡೆಯುತ್ತಿದ್ದಾಗ ಎದ್ದ ಬೆಂಕಿಯಲ್ಲಿ 62 ಮಂದಿ ಸತ್ತರು. ನಟ, ನಿರ್ದೇಶಕ ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳಿಂದ ಬಳಲಿ, ತಿಂಗಳುಗಟ್ಟಲೆ ಚಿಕಿತ್ಸೆ ಪಡೆದು ಬದುಕಿದರು. ಗೋಡೆಗೆ ಹೊದಿಸಿದ್ದ ಗೋಣಿ, ದೊಡ್ಡ ದೀಪಗಳ ಬಿಸಿ, ಸಡಿಲ ವೈರಿಂಗು, ಗಾಳಿಕಿಂಡಿಗಳ ಅಭಾವ, ಸ್ಥಳದಲ್ಲಿ ಬೆಂಕಿ ನಂದಿಸುವ ಸಲಕರಣೆ ಇಲ್ಲದಿದ್ದುದು ಮುಂತಾಗಿ ದುರಂತದ ನಂತರ ಪಟ್ಟಿಯಾದ ಕಾರಣಗಳಲ್ಲಿ ಒಂದೂ ಅಪರೂಪದ್ದಲ್ಲ. ದಕ್ಷಿಣ ಭಾರತದ ಯಾವುದೇ ಹಳೆಯ ಫ್ಲೋರಿನಲ್ಲಿ ಅಂದು ಕಾಣಬಹುದಾಗಿದ್ದವೇ. ಸತ್ತವರಲ್ಲಿ ಹೆಚ್ಚಿನವರು ತೆರೆಯ ಮೇಲೆ ಹೆಸರು ಕಾಣದ ಕೆಲಸಗಾರರು ಎಂಬುದರಿಂದಲೋ ಏನೋ, ಕನ್ನಡ ನೆಲದ ಈ ಘೋರ ದುರಂತಕ್ಕೆ ಸಲ್ಲಬೇಕಾದ ಅಧ್ಯಯನ ಇಂದಿಗೂ ಸಂದಿಲ್ಲ.

ಇಂಥ ಮುಚ್ಚಿದ ಸಭಾಂಗಣದ ಬಾಗಿಲಿಗೆ ಮೊದಲು ಬಂದು ನಿಲ್ಲುವ ವಾಹನವನ್ನು ಅಗ್ನಿಶಾಮಕ ಸಿಬ್ಬಂದಿ ವಾಟರ್ ಟೆಂಡರ್ ಎನ್ನುತ್ತಾರೆ. ಲಾರಿಯ ಚಾಸಿಯ ಮೇಲೆ ನೀರಿನ ತೊಟ್ಟಿ, ವಾಹನದ ಎಂಜಿನ್ನಿನಿಂದಲೇ ಶಕ್ತಿ ಪಡೆಯುವ ಪಂಪು, ಸುತ್ತಿಟ್ಟ ಹೋಸ್‌ಗಳು, ಏಣಿ, ಕೊಡಲಿ, ಹಾರೆಗಳನ್ನು ಅಳವಡಿಸಿದ ವಾಹನವಿದು. ಆ ಚಾಸಿಗಳಲ್ಲಿ ಅನೇಕವು ಚೆನ್ನೈನ ಉತ್ತರ ಅಂಚಿನ ಎಣ್ಣೂರಿನಲ್ಲಿ 1948ರಲ್ಲಿ ಅಶೋಕ್ ಮೋಟರ್ಸ್ ಎಂದು ಆರಂಭವಾಗಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದ ಕಾರ್ಖಾನೆಯವು. ತೊಟ್ಟಿಯಲ್ಲಿ 4,500 ಲೀಟರ್ ನೀರಿದೆ, ಪಂಪು ನಿಮಿಷಕ್ಕೆ 1,800 ಲೀಟರ್ ಹೊರದೂಡುತ್ತದೆ ಎಂದಿಟ್ಟುಕೊಂಡರೆ, ಪೂರ್ಣವೇಗದಲ್ಲಿ ಆ ನೀರು ಎರಡೂವರೆ ನಿಮಿಷಕ್ಕೆ ಮುಗಿಯುತ್ತದೆ. ಜನಸಾಮಾನ್ಯರು ಬೆಂಕಿಯ ಬಂಡಿ ಎಂದು ನಂಬಿರುವ ಈ ವಾಹನ ವಾಸ್ತವದಲ್ಲಿ ಒಂದು ಪಂಪು. ಅದರ ಹಿಂದೆ ಇನ್ನೊಂದು ನೀರಿನ ಮೂಲ ಬಂದು ಸೇರದಿದ್ದರೆ ಅದು ಕೆಲವೇ ನಿಮಿಷದ ಆಯುಧ. ಆ ಕಾರಣಕ್ಕೇ ವಾಟರ್ ಬೌಸರ್ ಎಂಬ, ಹತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಹೊರುವ ದೊಡ್ಡ ವಾಹನ ಬೇಕಾಗುತ್ತದೆ, ಮತ್ತು ಚೆನ್ನೈನಲ್ಲಿ ದೊಡ್ಡ ಬೆಂಕಿ ಬಿದ್ದಾಗಲೆಲ್ಲ ಮೆಟ್ರೋವಾಟರ್ ಸಂಸ್ಥೆಯ ಕುಡಿಯುವ ನೀರಿನ ಲಾರಿಗಳೂ ಸಾಲುಗಟ್ಟಿ ನಿಲ್ಲುತ್ತವೆ. ಬೇಸಿಗೆಯಲ್ಲಿ ಕೊಡಗಳ ಸಾಲಿಗೆ ನೀರು ಒದಗಿಸುವ ಲಾರಿಯೇ ಬೆಂಕಿಗೂ ನೀರು ತರಬೇಕಾದ ನಗರದಲ್ಲಿ, 2019ರಂಥ ಬರದ ವರ್ಷ ಬಂದರೆ ಅಗ್ನಿಶಾಮಕ ದಳದ ಬಲವೂ ಕುಗ್ಗುತ್ತದೆ ಎಂಬುದನ್ನು ನಗರಯೋಜನೆ ರೂಪಿಸುವವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ನೀರಿನಷ್ಟೇ ಮುಖ್ಯವಾದುದು ಉಸಿರು. ಬೆಂಕಿ ಅನಾಹುತಗಳಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಜ್ವಾಲೆಯಲ್ಲ, ಹೊಗೆ. ಅದರಲ್ಲೂ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್. ಅಗ್ನಿಶಾಮಕ ಸಿಬ್ಬಂದಿ ಬಿ.ಎ. ಸೆಟ್ ಎಂದು ಕರೆಯುವ ಉಸಿರಾಟದ ಸಾಧನದಲ್ಲಿ, ಬೆನ್ನಿಗೆ ಕಟ್ಟಿಕೊಳ್ಳುವ 6 ಲೀಟರಿನ ಸಿಲಿಂಡರಿನೊಳಗೆ 300 ಬಾರ್ ಒತ್ತಡದಲ್ಲಿ ಗಾಳಿ ತುಂಬಿರುತ್ತದೆ. ಅಂದರೆ 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಲೆಕ್ಕದಲ್ಲಿ 45 ನಿಮಿಷ. ಆದರೆ ಭಾರ ಹೊತ್ತು, ಬಿಸಿಯಲ್ಲಿ, ಕತ್ತಲಲ್ಲಿ ಮೆಟ್ಟಿಲು ಹತ್ತುವವನ ಉಸಿರು ಅದಕ್ಕಿಂತ ಬಹಳ ವೇಗವಾಗಿರುವುದರಿಂದ ಮತ್ತು ವಾಪಸು ಬರುವುದಕ್ಕೂ ಗಾಳಿ ಉಳಿಸಿಕೊಳ್ಳಬೇಕಾದುದರಿಂದ, ನಿಜವಾಗಿ ಕೆಲಸಕ್ಕೆ ಸಿಗುವ ಹೊತ್ತು ಅದರ ಅರ್ಧವೂ ಇರದಿರಬಹುದು. ಒತ್ತಡ ನಿಗದಿತ ಮಟ್ಟಕ್ಕಿಳಿದಾಗ ಸಾಧನದ ಸೀಟಿ ತಾನಾಗಿ ಕೂಗಿ, ಹೊರಗೆ ಬಾ ಎಂದು ಎಚ್ಚರಿಸುತ್ತದೆ. ಸಿಲಿಂಡರುಗಳನ್ನು ಸ್ಥಳದಲ್ಲೇ ಮರುತುಂಬಿಸುವ ಕಂಪ್ರೆಸರ್ ಇರುವ ಪ್ರತ್ಯೇಕ ವಾಹನ, ಹೊಗೆಯನ್ನು ಹೊರಗೆಳೆಯುವ ಅಥವಾ ಒಳಗೆ ಶುದ್ಧ ಗಾಳಿ ನುಗ್ಗಿಸುವ ದೊಡ್ಡ ಫ್ಯಾನು, ಹೊಗೆಯ ಮರೆಯಲ್ಲೂ ಶಾಖದ ವ್ಯತ್ಯಾಸದಿಂದ ಬಿದ್ದಿರುವ ಮನುಷ್ಯನನ್ನು ತೋರಿಸುವ ಉಷ್ಣಬಿಂಬ ಕ್ಯಾಮೆರಾ, ಇವು ಗಗನಚುಂಬಿ ಏಣಿಯಷ್ಟು ಪತ್ರಿಕೆಯ ಮುಖಪುಟಕ್ಕೆ ಒದಗುವುದಿಲ್ಲ. ಕಿಟಕಿಯಿಲ್ಲದ ಕಟ್ಟಡದಲ್ಲಿ ಮಾತ್ರ ಜೀವ ಉಳಿಸುವವು ಇವೇ.

ಕಿಟಕಿಯಿಲ್ಲದ ಕಟ್ಟಡವೆಂದರೆ ಈಗ ಕೇವಲ ಸ್ಟುಡಿಯೋ ಅಲ್ಲ. ಕೋಡಂಬಾಕ್ಕಂಗೆ ಹೊಂದಿಕೊಂಡಿರುವ ತ್ಯಾಗರಾಯನಗರದಲ್ಲಿ, ಉಸ್ಮಾನ್ ರಸ್ತೆಯ ಚೆನ್ನೈ ಸಿಲ್ಕ್ಸ್ ಜವಳಿ ಮಳಿಗೆಗೆ 2017ರ ಮೇ 31ರ ನಸುಕಿನಲ್ಲಿ ಬಿದ್ದ ಬೆಂಕಿ ಇಡೀ ಹಗಲೂ ಇಡೀ ರಾತ್ರಿಯೂ ಉರಿಯಿತು. ಮೇಲಿನ ಮಹಡಿಯಲ್ಲಿದ್ದ ಸಿಬ್ಬಂದಿಯನ್ನು ಆರಂಭದಲ್ಲೇ ಪಾರುಮಾಡಲಾಯಿತಾದರೂ, ಹೊರಮೈಯನ್ನು ಗಾಜು ಮತ್ತು ಫಲಕಗಳಿಂದ ಮುಚ್ಚಿದ್ದ ಆ ಕಟ್ಟಡದೊಳಕ್ಕೆ ನೀರು ಕಳುಹಿಸಲು ತೆರಪೇ ಸಿಗದೆ, ಗೋಡೆಗಳನ್ನು ಒಡೆಯಬೇಕಾಯಿತು. ಹೊಗೆ ತುಂಬಿದ ಬೀದಿಯಲ್ಲಿ ಹತ್ತಾರು ವಾಹನಗಳು ನಿಂತಿದ್ದರೂ ಬೆಂಕಿಯ ಮೂಲಕ್ಕೆ ಅವುಗಳ ನೀರು ಮುಟ್ಟಲಿಲ್ಲ. ಜೂನ್ 1ರ ಬೆಳಗಿನ ಜಾವ ಕಟ್ಟಡದ ಒಂದು ಭಾಗ ಕುಸಿಯಿತು, ಉಳಿದುದನ್ನು ಆಮೇಲೆ ಕೆಡವಲಾಯಿತು. ಅಂದು ಕೊರತೆಯಾದದ್ದು ವಾಹನಗಳ ಸಂಖ್ಯೆಯಲ್ಲ, ಒಳಗೆ ಹೋಗುವ ದಾರಿ.

ಕಟ್ಟಡದ ವಯಸ್ಸೂ ಇಷ್ಟೇ ಮುಖ್ಯ. 2012ರ ಜನವರಿಯಲ್ಲಿ ಚೆಪಾಕ್‌ನ ಹಳೆಯ ಕಲಸ್ ಮಹಲಿಗೆ ಬೆಂಕಿ ಬಿದ್ದಾಗ, ಮರದ ತೊಲೆಗಳ ಮೇಲೆ ನಿಂತಿದ್ದ ಮೇಲ್ಛಾವಣಿ ಸಿಬ್ಬಂದಿಯ ಮೇಲೆಯೇ ಕುಸಿದು, ಒಬ್ಬ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ತಮಿಳುನಾಡಿನ ಮೊದಲ ಮಹಿಳಾ ಅಗ್ನಿಶಾಮಕ ಅಧಿಕಾರಿಗಳಲ್ಲಿ ಒಬ್ಬರಾದ ಪ್ರಿಯಾ ರವಿಚಂದ್ರನ್ ತೀವ್ರವಾಗಿ ಗಾಯಗೊಂಡರು. ಮನುಷ್ಯರ ಬದಲು ರಿಮೋಟ್ ಮೂಲಕ ನಡೆಸುವ, ನೀರಿನ ಫಿರಂಗಿ ಹೊತ್ತ ಪುಟ್ಟ ಯಂತ್ರಗಳನ್ನು ಕುಸಿಯುವ ಕಟ್ಟಡಗಳೊಳಕ್ಕೆ ಕಳುಹಿಸುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆಯುತ್ತಿರುವುದು ಇಂಥ ಸಾವುಗಳಿಂದಾಗಿಯೇ.

ಇನ್ನು ಎತ್ತರದ ವಾಹನಗಳು. ತಿರುಗುವ ತಳದ ಮೇಲೆ ನಿಂತು, ಒಂದರೊಳಗೊಂದು ಅಡಗಿದ ತೋಳುಗಳನ್ನು ಹೈಡ್ರಾಲಿಕ್ ಒತ್ತಡದಿಂದ ಚಾಚಿ, ತುದಿಯ ತೊಟ್ಟಿಲಿನಲ್ಲಿ ಸಿಬ್ಬಂದಿಯನ್ನು ಮೇಲಕ್ಕೊಯ್ಯುವ ಈ ವೇದಿಕೆಗಳಲ್ಲಿ ಫಿನ್ಲೆಂಡಿನ ಬ್ರಾಂಟೊ ಸ್ಕೈಲಿಫ್ಟ್ ಕಂಪನಿಯವು ಹೆಸರಾಂತವು. ತಮಿಳುನಾಡು ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಯ ಬಳಿ 54 ಮೀಟರ್ ಮತ್ತು 104 ಮೀಟರ್ ಎತ್ತರದವು ಇವೆ, ಬೆಂಗಳೂರಿಗೆ 2023ರ ಜನವರಿಯಲ್ಲಿ 90 ಮೀಟರಿನದು ಬಂತು. ಅಣ್ಣಾ ಸಾಲೈಯ ಎಲ್.ಐ.ಸಿ. ಕಟ್ಟಡದ ತಾರಸಿಯ ನಾಮಫಲಕಕ್ಕೆ 2023ರ ಏಪ್ರಿಲಿನಲ್ಲಿ ಬೆಂಕಿ ಹೊತ್ತಿದಾಗ ಸ್ಕೈಲಿಫ್ಟ್ ಉಪಯೋಗಕ್ಕೆ ಬಂತು. ಅದೇ ಕಟ್ಟಡ 1975ರ ಜುಲೈಯಲ್ಲಿ ಉರಿದಾಗ ಇಂಥ ಎತ್ತರದ ಸಾಧನ ನಗರದಲ್ಲಿರಲಿಲ್ಲ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಒಂಬತ್ತು ಜನ ಸತ್ತ ಮೇಲೆ ಎತ್ತರದ ಏಣಿಗಳ ಬೇಡಿಕೆ ಹೆಚ್ಚಿದ್ದು ಸಹಜವೇ. ಆದರೆ ಆ ದುರಂತವನ್ನು ಸರಿಯಾಗಿ ಓದಿದರೆ, ಹೊಗೆ ಕಟ್ಟಡದ ಒಳಗಿನ ಕೊಳವೆ-ಕೇಬಲ್ಲುಗಳ ಕಂಡಿಯ ಮೂಲಕ ಮಹಡಿಯಿಂದ ಮಹಡಿಗೆ ಏರಿದ್ದೂ, ಜನರಿಗೆ ಸುರಕ್ಷಿತವಾಗಿ ಇಳಿಯುವ ದಾರಿ ಸಿಗದಿದ್ದೂ ಮುಖ್ಯ ಕಾರಣಗಳಾಗಿ ಕಾಣುತ್ತವೆ.

ಎತ್ತರದ ಈ ವಾಹನ ಕೆಲಸ ಮಾಡಬೇಕಾದರೆ ಅದು ಕಟ್ಟಡದ ಹತ್ತಿರ ಬರಬೇಕು, ನಾಲ್ಕು ಬದಿಗೆ ಆಧಾರದ ಕಾಲುಗಳನ್ನು ಚಾಚಿ ನೆಲಕ್ಕೂರಬೇಕು, ನೆಲ ಅದರ ಭಾರ ತಾಳಬೇಕು, ಮೇಲೆ ವಿದ್ಯುತ್ ತಂತಿಯೂ ಮರದ ಕೊಂಬೆಯೂ ಅಡ್ಡ ಬರಬಾರದು. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡಗಳ ಸುತ್ತ ಕನಿಷ್ಠ 6 ಮೀಟರಿನ ತೆರಪನ್ನೂ 45 ಟನ್ ಭಾರ ತಾಳುವ ಗಟ್ಟಿ ನೆಲವನ್ನೂ ಕೇಳುವುದು ಈ ಕಾರಣಕ್ಕೆ. ಕೋಡಂಬಾಕ್ಕಂನ ಒಳರಸ್ತೆಗಳಲ್ಲಿ ನಡೆದು ನೋಡಿದವರಿಗೆ ಆ 6 ಮೀಟರಿನ ಮಾತು ಎಷ್ಟು ದೂರದ್ದೆಂದು ತಿಳಿಯುತ್ತದೆ: ಎರಡೂ ಬದಿ ನಿಲ್ಲಿಸಿದ ಕಾರು, ಬೈಕುಗಳು, ಮುಂದಕ್ಕೆ ಚಾಚಿದ ಅಂಗಡಿಯ ಮಾಡು, ತಗ್ಗಾಗಿ ತೂಗುವ ಕೇಬಲ್ಲುಗಳು, ತೆರೆದಿಟ್ಟ ಚರಂಡಿಕೆಲಸ. ಸ್ಟುಡಿಯೋಗಳಿದ್ದ ಜಾಗಗಳಲ್ಲಿ ಕೆಲವು ಈಗ ಕಲ್ಯಾಣಮಂಟಪ, ಆಸ್ಪತ್ರೆ, ವಸತಿ ಸಮುಚ್ಚಯಗಳಾಗಿವೆ. ಅವುಗಳ ಹಿಂದಿನ ಓಣಿಗಳಲ್ಲಿ ಎಡಿಟಿಂಗ್ ಕೊಠಡಿಗಳೂ ಡಬ್ಬಿಂಗ್ ಥಿಯೇಟರುಗಳೂ ಉಡುಪಿನ ಗೋದಾಮುಗಳೂ ಮನೆಗಳ ನಡುವೆಯೇ ಬೆಳೆದಿವೆ. ಅಶೋಕ್ ನಗರ ಅಥವಾ ತ್ಯಾಗರಾಯನಗರದ ಠಾಣೆಯಿಂದ ಹೊರಟ ವಾಹನ ಆರ್ಕಾಟ್ ರಸ್ತೆಯನ್ನು ಹೇಗೋ ದಾಟಿದರೂ, ಕೊನೆಯ ನೂರು ಮೀಟರ್‌ಗಳಲ್ಲಿ ಸೋಲುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ದೊರೈಸ್ವಾಮಿ ಮತ್ತು ರಂಗರಾಜಪುರಂ ಸುರಂಗಸೇತುವೆಗಳು ನೀರಿನಿಂದ ತುಂಬಿದರೆ ರೈಲುಹಳಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವ ದಾರಿಯೇ ಸುತ್ತಾಗುತ್ತದೆ.

ಈ ಕೊನೆಯ ನೂರು ಮೀಟರಿಗೆಂದೇ ರೂಪುಗೊಂಡ ವಾಹನಗಳಿವೆ, ಮತ್ತು ಸಾರ್ವಜನಿಕ ಹಣ ಮೊದಲು ಹರಿಯಬೇಕಾದದ್ದು ಅವುಗಳ ಕಡೆಗೆ. ಭಾರತದ ಹಲವು ನಗರಗಳಿಗೆ ಬಂದಿರುವ ಬೆಂಕಿಬೈಕುಗಳು ಇಕ್ಕೆಲದಲ್ಲಿ ತಲಾ ಸುಮಾರು 10 ಲೀಟರಿನ ತೊಟ್ಟಿ ಹೊತ್ತು, ಗಾಳಿಯ ಒತ್ತಡದಿಂದ ನೀರನ್ನು ಮಂಜಿನಂತೆ ಸಿಡಿಸುತ್ತವೆ. ಇಷ್ಟು ಕಡಿಮೆ ನೀರು ಹೇಗೆ ಸಾಕಾಗುತ್ತದೆಂದರೆ, ಒಂದು ಮಿಲಿಮೀಟರ್ ಅಗಲದ ಹನಿಯನ್ನು ಅದರ ಹತ್ತನೆಯ ಒಂದಂಶದಷ್ಟು ಅಗಲದ ಹನಿಗಳಾಗಿ ಒಡೆದರೆ ಸಾವಿರ ಹನಿಗಳಾಗಿ ಒಟ್ಟು ಮೇಲ್ಮೈ ಹತ್ತು ಪಟ್ಟಾಗುತ್ತದೆ. ಶಾಖ ಹೀರುವುದು ಮೇಲ್ಮೈಯ ಮೂಲಕವೇ ಆದ್ದರಿಂದ ನೀರು ಬಹುಬೇಗ ಆವಿಯಾಗುತ್ತದೆ, ಮತ್ತು ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಆವಿಯಾಗಿ ಹಿಗ್ಗಿ ಬೆಂಕಿಯ ಸುತ್ತಲಿನ ಗಾಳಿಯನ್ನು ಹೊರತಳ್ಳುತ್ತದೆ. ಹೊತ್ತಿಕೊಂಡು ಕೆಲವೇ ನಿಮಿಷವಾದ ಪರದೆಯನ್ನೋ ವಿದ್ಯುತ್ ಪೆಟ್ಟಿಗೆಯನ್ನೋ ಇದು ನಂದಿಸಬಲ್ಲದು, ಬೆಳೆದ ಬೆಂಕಿಯನ್ನಲ್ಲ. ವೈದ್ಯಕೀಯ ನೆರವಿನಲ್ಲೂ ಇದೇ ತತ್ವವನ್ನು ಅನುಸರಿಸಿ ಕರ್ನಾಟಕ 2015ರ ಏಪ್ರಿಲಿನಲ್ಲಿಯೂ ತಮಿಳುನಾಡು 2016ರಲ್ಲಿಯೂ ಬೈಕ್ ಆಂಬುಲೆನ್ಸುಗಳನ್ನು ರಸ್ತೆಗಿಳಿಸಿದವು; 108 ಸಂಖ್ಯೆಯ ದೊಡ್ಡ ಆಂಬುಲೆನ್ಸ್ ಬರುವವರೆಗೆ ರಕ್ತಸ್ರಾವ ತಡೆದು, ಉಸಿರು ಕಾಯುವುದು ಇವುಗಳ ಕೆಲಸ.

ತುರ್ತು ಸೇವೆಯ ಕೆಲಸ ಬೆಂಕಿಗೆ ಸೀಮಿತವಲ್ಲ ಎಂಬುದನ್ನು ಚಿತ್ರೋದ್ಯಮವೇ ಮತ್ತೊಮ್ಮೆ ತೋರಿಸಿತು. ದೊಡ್ಡ ಸೆಟ್‌ಗಳು ಕೋಡಂಬಾಕ್ಕಂ ಬಿಟ್ಟು ಊರ ಹೊರಗೆ ಹೋದ ಮೇಲೆ, ಪೂನಮಲ್ಲಿ ಬಳಿಯ ಇ.ವಿ.ಪಿ. ಫಿಲ್ಮ್ ಸಿಟಿಯಲ್ಲಿ 2020ರ ಫೆಬ್ರುವರಿ 19ರಂದು 'ಇಂಡಿಯನ್ 2' ಚಿತ್ರದ ಸೆಟ್ ಮೇಲೆ ಕ್ರೇನ್ ಉರುಳಿ ಮೂವರು ಸತ್ತರು. ಇಂಥ ಕಡೆ ಬೇಕಾಗುವುದು ರೆಸ್ಕ್ಯೂ ಟೆಂಡರ್: ನಜ್ಜುಗುಜ್ಜಾದ ಉಕ್ಕನ್ನು ಬಿಡಿಸಿ ಅಗಲಿಸುವ ಹೈಡ್ರಾಲಿಕ್ ಯಂತ್ರ, ಕತ್ತರಿಸುವ ಯಂತ್ರ, ತೆಳ್ಳಗೆ ಒಳಸೇರಿಸಿ ಗಾಳಿ ತುಂಬಿದರೆ ಹಲವು ಟನ್ ಭಾರ ಎತ್ತುವ ರಬ್ಬರ್ ಚೀಲಗಳು, ರಾತ್ರಿಯನ್ನು ಬೆಳಗಿಸುವ ದೀಪಸ್ತಂಭ ಇವೆಲ್ಲ ಇರುವ ವಾಹನ. 2015ರ ಡಿಸೆಂಬರಿನ ನೆರೆಯಲ್ಲಿ ಅಗ್ನಿಶಾಮಕ ಸಿಬ್ಬಂದಿ ದೋಣಿಗಳಲ್ಲಿ ಓಡಾಡಿದರು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬೀದಿಬೀದಿಯಲ್ಲೂ ಮರ ಉರುಳಿಸಿದಾಗ ಅವರ ಕೈಯಲ್ಲಿದ್ದುದು ಯಂತ್ರಗರಗಸ.

ನೈಟ್ರೇಟ್ ಫಿಲ್ಮು ಹೋದ ಜಾಗಕ್ಕೆ ಈಗ ಲಿಥಿಯಂ ಬ್ಯಾಟರಿ ಬಂದಿದೆ. ಕ್ಯಾಮೆರಾ, ಎಲ್.ಇ.ಡಿ. ದೀಪ, ಡ್ರೋನುಗಳ ಬ್ಯಾಟರಿಗಳನ್ನು ರಾತ್ರಿಯಿಡೀ ಚಾರ್ಜಿಗಿಡುವ ಬಾಡಿಗೆ ಸಲಕರಣೆಯ ಅಂಗಡಿಗಳು ಇದೇ ಓಣಿಗಳಲ್ಲಿವೆ. ಕೋಶವೊಂದು ಕೆಟ್ಟು ಬಿಸಿಯೇರತೊಡಗಿದರೆ ಆ ಬಿಸಿ ಪಕ್ಕದ ಕೋಶಕ್ಕೆ ದಾಟುತ್ತದೆ, ಒಳಗಿನ ರಾಸಾಯನಿಕವೇ ಆಮ್ಲಜನಕ ಬಿಡುಗಡೆ ಮಾಡುತ್ತದೆ. ಆದ್ದರಿಂದ ಗಾಳಿ ತಡೆದು ನಂದಿಸುವ ನೊರೆ, ಒಣಪುಡಿ, ಇಂಗಾಲದ ಡೈಆಕ್ಸೈಡುಗಳು ಜ್ವಾಲೆಯನ್ನು ಅಡಗಿಸಿದರೂ ಮೂಲವನ್ನು ಅಡಗಿಸಲಾರವು. ಬಹಳ ನೀರು ಸುರಿದು ತಣ್ಣಗಾಗಿಸಬೇಕು, ಗಂಟೆಗಟ್ಟಲೆ ಕಾಯಬೇಕು, ಏಕೆಂದರೆ ಆರಿದಂತೆ ಕಂಡದ್ದು ಮತ್ತೆ ಹೊತ್ತಿಕೊಳ್ಳಬಹುದು. ಎಪ್ಪತ್ತು ವರ್ಷಗಳ ಹಿಂದೆ ಫಿಲ್ಮ್ ಗೋದಾಮಿನ ಬಗ್ಗೆ ಇದ್ದ ಕಟ್ಟುನಿಟ್ಟು (ಪ್ರತ್ಯೇಕ ಕೊಠಡಿ, ಮಿತಿಮೀರದ ದಾಸ್ತಾನು, ಗಾಳಿಕಿಂಡಿ) ಬ್ಯಾಟರಿ ಕೊಠಡಿಗಳಿಗೂ ಅನ್ವಯವಾಗಬೇಕಾದುದು ಈ ಸಾಮ್ಯದಿಂದ.

ಇದೆಲ್ಲದರ ಕೆಳಗೆ ಚೆನ್ನೈ ಮೆಟ್ರೋದ ಎರಡನೆಯ ಹಂತದ ಲೈಟ್‌ಹೌಸ್–ಪೂನಮಲ್ಲಿ ಮಾರ್ಗದ ಸುರಂಗ ಪಾನಗಲ್ ಪಾರ್ಕಿನಿಂದ ಕೋಡಂಬಾಕ್ಕಂ ಕಡೆಗೆ ಬಂದಿದೆ. ಅಲ್ಲಿಗೆ ಯಾವ ಟೆಂಡರೂ ಇಳಿಯಲಾರದು. ವಾಹನ ಮೇಲೆ ರಸ್ತೆಯಲ್ಲಿ ನಿಂತು ಸ್ಥಿರ ಕೊಳವೆಗಳಿಗೆ ನೀರು ತಳ್ಳಬೇಕು, ಸುರಂಗದ ದೊಡ್ಡ ಫ್ಯಾನುಗಳು ಹೊಗೆಯನ್ನು ಪ್ರಯಾಣಿಕರಿಂದ ದೂರದ ದಿಕ್ಕಿಗೆ ಒತ್ತಬೇಕು, ಸಿಬ್ಬಂದಿ ನಡೆದು ಹೋಗಬೇಕು. ಜೋಡಿ ಸುರಂಗಗಳ ನಡುವೆ ಒಂದರಿಂದ ಇನ್ನೊಂದಕ್ಕೆ ದಾಟುವ ಅಡ್ಡದಾರಿಗಳು 244 ಮೀಟರಿಗಿಂತ ಹೆಚ್ಚು ಅಂತರದಲ್ಲಿರಬಾರದೆಂದು ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಮಾನಕ ಹೇಳುತ್ತದೆ. ಹೊಗೆಯಲ್ಲಿ ಗೋಡೆ ತಡವುತ್ತ ಅಷ್ಟು ದೂರ ಹೋಗಿ, ಒಬ್ಬರನ್ನು ಹೊತ್ತು ಮರಳುವುದು ಒಂದೇ ಸಿಲಿಂಡರಿನ ಗಾಳಿಯಲ್ಲಿ ಕಷ್ಟವಾಗುವುದರಿಂದ, ಜೋಡಿ ಸಿಲಿಂಡರಿನ ಅಥವಾ ಬಿಟ್ಟ ಉಸಿರನ್ನೇ ಶುದ್ಧಮಾಡಿ ಮರಳಿ ಕೊಡುವ ದೀರ್ಘಾವಧಿಯ ಉಸಿರಾಟದ ಸಾಧನಗಳು ಈ ಮಾರ್ಗಕ್ಕೆ ಹತ್ತಿರದ ಠಾಣೆಗಳಲ್ಲಿ, ರೈಲು ಓಡತೊಡಗುವ ಮೊದಲೇ, ಸಾಕಷ್ಟು ಸಂಖ್ಯೆಯಲ್ಲಿ ಇರಬೇಕಾಗುತ್ತದೆ.